ಬೀಗವೇನೋ ಸರಿ, ಕೀಲಿಕೈ ಯಾರ ಬಳಿ?

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಪಾಠ ಮಾಡುವವರಿಗೆ ಮಳೆಗಾಲವೆಂದರೆ ಕಂಪ್ಯೂಟರ್ ಕೊಠಡಿಯ ಚಿಂತೆಯೂ ಹೌದು. ಪದೇ ಪದೇ ಕರೆಂಟು ಹೋಗಿ ಬಂದು ವಿಂಡೋಸ್ ಕೆಟ್ಟರೆ, ಲಿನಕ್ಸ್ ತುಂಬಿದ ಪೆನ್‌ಡ್ರೈವ್‌ನಿಂದಲೇ ಯಂತ್ರವನ್ನು ಚಾಲೂ ಮಾಡಿ ಅಂಕಪಟ್ಟಿ, ಪಾಠಗಳ ಕಡತಗಳನ್ನು ಉಳಿಸಿಕೊಳ್ಳಬಹುದು. ಅಷ್ಟರಲ್ಲಿ ಪರದೆ ಪಾಸ್‌ವರ್ಡ್ ಕೇಳಿದರೆ?

ಇದು ವಿಂಡೋಸ್‌ನ ಪಾಸ್‌ವರ್ಡ್ ಅಲ್ಲ, ಫರ್ಮ್‌ವೇರ್‌ನದು. ಸ್ವಿಚ್ ಒತ್ತಿದೊಡನೆ ಮೊದಲು ಕೆಲಸ ಮಾಡುವ, ಮದರ್‌ಬೋರ್ಡಿನ ಚಿಪ್‌ನಲ್ಲೇ ಇರುವ ತಂತ್ರಾಂಶವೇ ಫರ್ಮ್‌ವೇರ್. ಹಿಂದೆ ಬಯಾಸ್ ಇತ್ತು, ಈಗ ಯುಇಎಫ್‌ಐ ಇದೆ. ಯಾವ ಡ್ರೈವ್‌ನಿಂದ ಆರಂಭಿಸಬೇಕೆಂದು ನಿರ್ಧರಿಸುವುದು ಇದೇ. ಇದರ ಸೆಟಪ್‌ಗೆ ಬೀಗ ಹಾಕಿ ಹೊರಗಿನ ಡ್ರೈವ್‌ಗಳನ್ನು ಪಟ್ಟಿಯಿಂದ ತೆಗೆದರೆ ನಿಮ್ಮ ಪೆನ್‌ಡ್ರೈವ್ ಇದ್ದೂ ಇಲ್ಲದಂತೆ. ಇಂಟೆಲ್ ಚಿಪ್‌ನ ಮ್ಯಾಕ್‌ಗಳಲ್ಲೂ ಇಂಥ ಪಾಸ್‌ವರ್ಡ್ ಇತ್ತು. 2020ರಿಂದ ಬಂದ ಆಪಲ್ ಚಿಪ್‌ನ ಮ್ಯಾಕ್‌ಗಳಲ್ಲಿ ಅದಿಲ್ಲ.

ಪಾಸ್‌ವರ್ಡ್ ಹಾಕಿದರೆ ಮಾಹಿತಿ ಭದ್ರವೆಂಬ ಮಾತಿಗೆ ನನ್ನ ಮೊದಲ ಆಕ್ಷೇಪ. ಈ ಬೀಗ ಬಾಗಿಲಿಗೆ ಹಾಕಿದ್ದು, ಪೆಟ್ಟಿಗೆಗಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಕಡತಗಳೆಲ್ಲ ತೆರೆದುಕೊಳ್ಳುತ್ತವೆ. ಗುಟ್ಟು ಕಾಯುವುದು ಡಿಸ್ಕ್‌ನ ಗೂಢಲಿಪೀಕರಣ: ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಲಿನಕ್ಸ್‌ನಲ್ಲಿ ಲಕ್ಸ್. ಅದರ ಕೀಲಿ ಕಳೆದರೆ ಪೆನ್‌ಡ್ರೈವ್‌ನಿಂದಲೂ ಪ್ರಯೋಜನವಿಲ್ಲ ಎಂಬುದನ್ನು ಮರೆಯಬೇಡಿ.

ಎರಡನೆಯ ಆಕ್ಷೇಪ ಇನ್ನೂ ಮುಖ್ಯ. ಯಂತ್ರ ಜೋಡಿಸಿಕೊಟ್ಟವರು ಪಾಸ್‌ವರ್ಡ್ ಹಾಕಿ ಹೋಗುವುದು, ಅದು ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲದಿರುವುದು ಭದ್ರತೆಯಲ್ಲ, ಪರಾಧೀನತೆ. 'ಬ್ಯಾಟರಿ ತೆಗೆದರೆ ಆಯಿತು' ಎನ್ನುವವರಿದ್ದಾರೆ. ಹಳೆಯ ಡೆಸ್ಕ್‌ಟಾಪ್‌ಗಳ ಮಟ್ಟಿಗೆ ಇದು ಬಹುಪಾಲು ನಿಜ. ಅಲ್ಲಿ ಪಾಸ್‌ವರ್ಡ್ ಇದ್ದದ್ದು 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿಯನ್ನು ನಂಬಿದ ಸಿಮಾಸ್ ಸ್ಮೃತಿಯಲ್ಲಿ. ವಿದ್ಯುತ್ ತಪ್ಪಿದರೆ ಅದು ಅಳಿಯುತ್ತಿತ್ತು. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ ವಿದ್ಯುತ್ ಇಲ್ಲದೆಯೂ ಉಳಿಯುವ ಸ್ಮೃತಿಯಲ್ಲಿರುತ್ತದೆ. ಅಲ್ಲಿ ಎಲೆಕ್ಟ್ರಾನ್‌ಗಳು ಅವಾಹಕ ಪದರಗಳ ನಡುವೆ ಸೆರೆಯಾಗಿರುವುದರಿಂದ ಬ್ಯಾಟರಿ ಕಿತ್ತರೂ ಅವು ಕದಲುವುದಿಲ್ಲ.

ಹಾಗೆಂದು ಪಾಸ್‌ವರ್ಡೇ ಬೇಡವೆಂದು ನಾನು ಹೇಳುತ್ತಿಲ್ಲ. ಪ್ರಯೋಗಾಲಯದಲ್ಲಿ ಸಿಕ್ಕವರು ಸಿಕ್ಕ ಡ್ರೈವ್‌ನಿಂದ ಯಂತ್ರ ಆರಂಭಿಸುವುದು ತರವಲ್ಲ. ಆದರೆ ಪಾಸ್‌ವರ್ಡನ್ನು ಬರೆದು, ಲಕೋಟೆಗೆ ಮೊಹರು ಹಾಕಿ ಮುಖ್ಯೋಪಾಧ್ಯಾಯರ ಬೀರುವಿನಲ್ಲಿಡಿ. ಮಳೆ ಹಿಡಿಯುವ ಮೊದಲೇ ಪೆನ್‌ಡ್ರೈವ್‌ನಿಂದ ಒಮ್ಮೆ ಚಾಲೂ ಮಾಡಿ ನೋಡಿ. ವಿದ್ಯಾರ್ಥಿಗಳ ಎದುರಿಗೇ ಮಾಡಿದರೆ ಅದೂ ಒಂದು ಪಾಠವೇ.