ಎಡ್ಮಂಟನ್‌ನಲ್ಲಿ ನಕ್ಕವರು

'ದಿ ವೇಸ್ಟ್ ಲ್ಯಾಂಡ್' ಪ್ರಕಟವಾದ 1922ರಲ್ಲೇ ಎಲಿಯಟ್ ಒಂದು ಪುಟ್ಟ ಪ್ರಬಂಧವನ್ನೂ ಬರೆದ. ಅದು ಲಂಡನ್ನಿನ ಮ್ಯೂಸಿಕ್ ಹಾಲ್ ಹಾಡುಗಾರ್ತಿ ಮೇರಿ ಲಾಯ್ಡ್ ತೀರಿಕೊಂಡಾಗ ಬರೆದದ್ದು. ಪಲ್ಲವಿಗೆ ದನಿಗೂಡಿಸುವ ದುಡಿಮೆಗಾರ ಪ್ರೇಕ್ಷಕ ತಾನೂ ಪ್ರದರ್ಶನದ ಪಾಲುದಾರ, ಸಿನಿಮಾ ಬಂದು ಅವನನ್ನು ಮಂಕಾಗಿ ಕೂರಿಸುತ್ತದೆ ಎಂಬುದು ಅವನ ವಾದ. 'ವನ್ಸ್ ಮೋರ್' ಕೂಗಿ ಕಂಪನಿ ನಾಟಕಗಳಲ್ಲಿ ಹಾಡಿಸಿದ್ದನ್ನೇ ಹಾಡಿಸಿದ ಜನರ ಕಡೆಯಿಂದ ಬಂದ ನನಗೆ ಈ ಮಾತು ಒಡನೆ ಹಿಡಿಸಿತು. ಆದರೆ ಸಿನಿಮಾದ ಮೇಲೆ ಹೊರಿಸಿದ ಆರೋಪವನ್ನು ಪೂರ್ತಿ ಒಪ್ಪಲಾರೆ.

ಆ ಕೆಲಸ ರಂಗದ ಮೇಲೆಯೇ ಶುರುವಾಗಿತ್ತು. ಹಳೆಯ ಹಾಲ್‌ಗಳಲ್ಲಿ ಮೇಜು, ಬಿಯರು, ಸುತ್ತಿಗೆ ಕುಟ್ಟಿ ಹಾಡುಗಾರರನ್ನು ಕರೆಯುವ ಯಜಮಾನ ಇರುತ್ತಿದ್ದರು. ಉಪನಗರಗಳಿಗೆ ಎಂಪೈರ್‌ಗಳು ಬಂದವು; ಹ್ಯಾಕ್ನಿಯದು 1901ರಲ್ಲಿ ಆಸ್ವಾಲ್ಡ್ ಸ್ಟೋಲ್‌ಗಾಗಿ ಫ್ರ್ಯಾಂಕ್ ಮ್ಯಾಚಮ್ ವಿನ್ಯಾಸ ಮಾಡಿದ್ದು. ಇಂಥ ಕಡೆ ಸಾಲು ಕುರ್ಚಿ, ಸಂಜೆಗೆ ಎರಡು ಆಟ. ಎರಡನೆಯ ಆಟದವರು ಹೊರಗೆ ಕಾಯುತ್ತಿರುವಾಗ ವನ್ಸ್ ಮೋರ್‌ಗೆ ಎಲ್ಲಿಯ ಪುರುಸೊತ್ತು? ಕೂಲಿ ಕೊಡದೆ ಹೆಚ್ಚಿನ ಆಟ ಆಡಿಸುವುದರ ವಿರುದ್ಧ 1907ರಲ್ಲಿ ಕಲಾವಿದರು ಮುಷ್ಕರವನ್ನೇ ಹೂಡಿದರು. ಕೈತುಂಬ ಗಳಿಸುತ್ತಿದ್ದ ಲಾಯ್ಡ್ ಕೂಡ ಸಣ್ಣ ಕಲಾವಿದರ ಪರವಾಗಿ ಬಾಗಿಲಲ್ಲಿ ನಿಂತಳು.

ಆಮೇಲೆ ರೆವ್ಯೂ. 1912ರ ಡಿಸೆಂಬರಿನಲ್ಲಿ ಲಂಡನ್ ಹಿಪ್ಪೊಡ್ರೋಮ್‌ನಲ್ಲಿ 'ಹಲೋ, ರ್‍ಯಾಗ್‌ಟೈಮ್!' ಗೆದ್ದದ್ದೇ ತಡ, ಅದರ ಹುಚ್ಚು ಹಬ್ಬಿತು. ಪ್ರವಾಸಿ ರೆವ್ಯೂ ತಂಡಗಳು ಉಪನಗರಗಳಿಗೂ ಬಂದವು. ಬಿಡಿ ಕಲಾವಿದರ ಬದಲು ಒಂದೇ ತಂಡ, ಹೆಸರಿಗೊಂದು ಕಥೆಯ ಎಳೆ, ಪ್ರಹಸನ, ಹೊಸ ಸೀನರಿ, ಕುಣಿಯುವ ಹುಡುಗಿಯರ ಸಾಲು. ಸಾಲಿನಲ್ಲಿ ಹೆಜ್ಜೆ ಲೆಕ್ಕದ್ದು, ಯಾರೂ ಕಾಯುವಂತಿಲ್ಲ. ಲಾಯ್ಡ್‌ಳ ಹಾಡುಗಳ ಪೋಲಿತನವಾದರೋ ಪದಗಳಲ್ಲಿ ಅಷ್ಟಾಗಿ ಇರಲೇ ಇಲ್ಲ. ಆಕೆ ತಡೆದು ನಿಂತ ಒಂದು ಗಳಿಗೆಯಲ್ಲಿ, ಮಿಟುಕಿಸಿದ ಕಣ್ಣಲ್ಲಿ ಇತ್ತು. ಮಿಕ್ಕದ್ದನ್ನು ಗ್ಯಾಲರಿಯವರೇ ತುಂಬಿಕೊಳ್ಳುತ್ತಿದ್ದರು. ರೆವ್ಯೂ ಕಿತ್ತುಕೊಂಡದ್ದು ಆ ಗಳಿಗೆಯನ್ನು.

ಇಲ್ಲಿಗೆ ನಿಲ್ಲಿಸಿ ಎಲಿಯಟ್‌ನ ಜೊತೆ ನಿಟ್ಟುಸಿರು ಬಿಡಬಹುದಿತ್ತು. ಬಿಡಗೊಡದಿರುವುದು ಉತ್ತರ ಲಂಡನ್ನಿನ ಎಡ್ಮಂಟನ್ ಎಂಪೈರ್‌ನ ಒಂದು ರಾತ್ರಿ. 1922ರ ಅಕ್ಟೋಬರ್ ಮೊದಲ ವಾರ. 52ರ ಲಾಯ್ಡ್ ಕಾಯಿಲೆಯಲ್ಲೇ ವೇದಿಕೆ ಹತ್ತಿ, ಕುಡಿದ ಹೆಂಗಸಿನ ಹಾಡು ಹಾಡುತ್ತ ನಿಜಕ್ಕೂ ತತ್ತರಿಸಿದಳು. ಅಭಿನಯವೆಂದುಕೊಂಡು ಜನ ಬಿದ್ದು ಬಿದ್ದು ನಕ್ಕರು. 7ನೆಯ ತಾರೀಖು ಆಕೆ ತೀರಿಕೊಂಡಳು.

ಎಲಿಯಟ್ ಹೊಗಳಿದ ಪಾಲುದಾರಿಕೆಗೆ ಅಲ್ಲಿ ಕೊರತೆಯಿರಲಿಲ್ಲ. ಆಕೆಯ ಹೆಜ್ಜೆ ಹೆಜ್ಜೆಯೂ ಅವರಿಗೆ ಪರಿಚಿತ. ಕಾಯಿಲೆಯ ಹೆಜ್ಜೆ ಕಾಣದೆ ಹೋದದ್ದು ಅದರಿಂದಲೇ. ರೆವ್ಯೂ ಆಗಿದ್ದರೆ ಪಕ್ಕದಲ್ಲಿ ಇನ್ನೊಬ್ಬ ನಟಿ ಇರುತ್ತಿದ್ದಳು, ತೋಳಾದರೂ ಹಿಡಿಯುತ್ತಿದ್ದಳೇನೋ. ಮೇಲೆ ನಾನೇ ದೂರಿದ ರೂಪದ ಪರವಾಗಿ ಇಷ್ಟನ್ನಾದರೂ ಹೇಳಬೇಕು.

ಲಾಯ್ಡ್ ತನ್ನ ಕೊನೆಯ ದಿನಗಳ ಒಂದು ಪಾತ್ರದಲ್ಲಿ ಕೈಚೀಲದೊಳಗೆ ತಡಕಾಡುತ್ತಿದ್ದ ರೀತಿಯನ್ನು ಎಲಿಯಟ್ ಮನಸಾರೆ ಮೆಚ್ಚಿ ಬರೆದಿದ್ದಾನೆ. ಅದನ್ನು ಓದುವಾಗಲೆಲ್ಲ, ಆ ಕೈ ನಡುಗುತ್ತಿತ್ತೇ ಎಂದು ಅವನನ್ನು ಕೇಳಬೇಕೆನಿಸುತ್ತದೆ.