ಸ್ವರಸಂಧಿಯ ಸಮಸ್ಯೆ

ತಂತಿವಾದ್ಯವೃಂದದ ನಾದವನ್ನು ಯಂತ್ರದಿಂದ ಪಡೆಯುವ ಯತ್ನ ಹೊಸದಲ್ಲ. 1963ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮೆಲೊಟ್ರಾನ್, ಕೀಲಿಮಣೆಯ ಒಂದೊಂದು ಕೀಲಿಗೂ ಒಂದೊಂದು ಟೇಪನ್ನು ಜೋಡಿಸಿ, ಸುಮಾರು 8 ಸೆಕೆಂಡುಗಳ ಕಾಲ ಪಿಟೀಲಿನ ಸ್ವರವನ್ನು ಕೇಳಿಸುತ್ತಿತ್ತು. ಸ್ವರವೇನೋ ದೊರೆಯಿತು, ಸ್ವರದಿಂದ ಸ್ವರಕ್ಕೆ ಸಾಗುವ ದಾರಿ ದೊರೆಯಲಿಲ್ಲ. ಅಕ್ಷರಗಳನ್ನು ಒತ್ತೊತ್ತಾಗಿ ಇರಿಸಿದ ಮಾತ್ರಕ್ಕೆ ಸಂಧಿಯಾಗದೆಂಬುದನ್ನು ಕನ್ನಡ ವಾಚಕರಿಗೆ ವಿವರಿಸಬೇಕಾಗಿಲ್ಲ. ಪಾಶ್ಚಾತ್ಯರ ‘ಲೆಗಾಟೊ’ ಇಂತಹುದೇ ಸಂಧಿ.

2000ದಲ್ಲಿ ಸ್ಥಾಪಿತವಾದ ವಿಯೆನ್ನಾ ಸಿಂಫೋನಿಕ್ ಲೈಬ್ರರಿಯ ಹಿರಿಮೆಯಿರುವುದು, ಸ್ವರಗಳೊಡನೆ ಅವುಗಳ ನಡುವಣ ಸಂಕ್ರಮಣಗಳನ್ನೂ ಏರಿಕೆ ಇಳಿಕೆಗಳೆರಡರಲ್ಲಿಯೂ ಧ್ವನಿಮುದ್ರಿಸಿಕೊಂಡುದರಲ್ಲಿ. ತಕ್ಕ ಸಂಕ್ರಮಣವನ್ನು ತಂತ್ರಾಂಶವೇ ಆಯ್ದುಕೊಡುತ್ತದೆ.

ಆದರೂ ರಚನಕಾರನ ಹೊಣೆ ತೀರದು. ಸ್ವರಗಳು ಕೂದಲೆಳೆಯಷ್ಟು ಒಂದರ ಮೇಲೊಂದು ಚಾಚಿರಬೇಕು. ಸಂಕ್ರಮಣಕ್ಕೂ ಕಾಲ ಬೇಕಾದುದರಿಂದ ಸ್ವರವನ್ನು ತಾಳದ ಪೆಟ್ಟಿಗಿಂತ ತುಸು ಮೊದಲೇ ಇರಿಸಬೇಕು. 0ಯಿಂದ 127ರವರೆಗಿನ ನಿಯಂತ್ರಣಾಂಕಗಳಿಂದ ನಾದವನ್ನು ಉಬ್ಬಿಸಿ ತಗ್ಗಿಸದಿದ್ದರೆ ಹಾರ್ಮೋನಿಯಮ್ಮಿನ ಶ್ರುತಿಯಷ್ಟೇ ಉಳಿದೀತು. ಎಲ್ಲವನ್ನೂ ಬೆಸೆದುಬಿಡುವುದೂ ದೋಷವೇ. ಕಮಾನು ದಿಕ್ಕು ಬದಲಿಸುವೆಡೆಯಲ್ಲಿ ಸಾಲು ಉಸಿರಾಡಬೇಕು.

ಇಷ್ಟನ್ನೂ ಸಾಧಿಸಿದ ಮೇಲೆ ನಮ್ಮದೊಂದು ಪ್ರಶ್ನೆ ಉಳಿಯುತ್ತದೆ. ಈ ಸಂಕ್ರಮಣಗಳೆಲ್ಲ ಎರಡು ಸ್ಥಿರಸ್ವರಗಳ ನಡುವಣವು. ಕರ್ನಾಟಕ ಸಂಗೀತದ ತೋಡಿಯ ಗಾಂಧಾರವಾದರೋ ನಿಂತ ಸ್ವರವೇ ಅಲ್ಲ. ಕಂಪನವೇ ಅದರ ಸ್ವರೂಪ. ಸಂಸ್ಕೃತದ ಸಂಧಿನಿಯಮವನ್ನು ಕನ್ನಡದ ಪದಗಳಿಗೆಲ್ಲ ಹೇರಲಾಗದಂತೆ, ಆ ಭಂಡಾರದ ಲೆಗಾಟೊವನ್ನು ನಮ್ಮ ಗಮಕಕ್ಕೆ ಹೊಂದಿಸಲಾಗದು. ಉಪಕರಣ ಉತ್ತಮವಾದುದೇ, ಅದರ ವ್ಯಾಕರಣ ಮಾತ್ರ ಬೇರೆ. ಈ ವಿವೇಕವಿಲ್ಲದೆ ಅದನ್ನು ಬಳಸಿದರೆ ನಾದ ನಿಜವೆನಿಸಿದರೂ ರಾಗ ಸುಳ್ಳಾಗುತ್ತದೆ.