ಬ್ರಹ್ಮದೇಶದ ಗುಪ್ತಚರಿತ್ರೆ: ಒಂದು ವಿಮರ್ಶೆ

ಬ್ರಹ್ಮದೇಶವನ್ನು ಕುರಿತು ಇಂಗ್ಲಿಷಿನಲ್ಲಿ ಹೊರಬಿದ್ದಿರುವ ಗ್ರಂಥಗಳಲ್ಲಿ ಬಹುಪಾಲು ಒಂದೇ ಕಥೆಯನ್ನು ಹೇಳುತ್ತವೆ. ಒಂದು ಕಡೆ ಕ್ರೂರಿಗಳಾದ ಸೇನಾನಿಗಳು. ಇನ್ನೊಂದು ಕಡೆ ಸರೋವರತೀರದ ಮನೆಯೊಳಗೆ ಸೆರೆಯಾದ ಧೀರಮಹಿಳೆ. ಪುರಾಣಕ್ಕೆ ಒಪ್ಪುವ ಈ ಕಥೆ ರಾಜ್ಯಶಾಸ್ತ್ರಕ್ಕೆ ಸಾಲದು. ಥಾಂಟ್ ಮಿಂಟ್ ಊ ಅವರು 2019ರಲ್ಲಿ ಪ್ರಕಟಿಸಿದ ‘ದಿ ಹಿಡನ್ ಹಿಸ್ಟರಿ ಆಫ್ ಬರ್ಮಾ’ ಎಂಬ ಗ್ರಂಥವು ಇದನ್ನು ಬದಿಗಿರಿಸಿ, ಅದರ ಹಿಂದಿರುವ ಹಣದ ಚರಿತ್ರೆಯನ್ನೂ ಕುಲಾಭಿಮಾನದ ಚರಿತ್ರೆಯನ್ನೂ ಬಗೆದು ತೋರಿಸಲೆತ್ನಿಸುತ್ತದೆ. ಗ್ರಂಥಕರ್ತರು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಊ ಥಾಂಟರ ಮೊಮ್ಮಗ. 2011ರಲ್ಲಿ ಅಧ್ಯಕ್ಷಪದವಿಗೆ ಬಂದ ಥೇನ್ ಸೇನರಿಗೆ ಸಲಹೆ ಕೊಟ್ಟವರಲ್ಲೊಬ್ಬರು. ಗ್ರಂಥದ ಗುಣವೂ ದೋಷವೂ ಈ ಸ್ಥಾನದಿಂದಲೇ ಹುಟ್ಟಿವೆ.

ಅವರ ಮುಖ್ಯ ವಾದ ಇಷ್ಟು: ದೇಶದ ದುರವಸ್ಥೆಗೆ ಚುನಾವಣೆಯ ಅಭಾವವೊಂದೇ ಕಾರಣವಲ್ಲ, ಬಡತನ, ಅಸಮಾನತೆ, ಯಾರು ಈ ನೆಲದವರು ಯಾರು ಅಲ್ಲ ಎಂಬ ತೀರದ ವ್ಯಾಜ್ಯ, ಇವುಗಳನ್ನು ಮುಟ್ಟದ ಪ್ರಜಾಪ್ರಭುತ್ವವು ಬುಡವಿಲ್ಲದ ಗಿಡ. ವಾದಕ್ಕೆ ಆಧಾರಗಳು ಬೇಕಾದಷ್ಟಿವೆ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಪ್ರಪಂಚದಲ್ಲೆಲ್ಲ ಅತ್ಯಧಿಕವಾಗಿ ಅಕ್ಕಿಯನ್ನು ರಫ್ತುಮಾಡುತ್ತಿದ್ದ ದೇಶವಿದು. 1962ರ ಮಾರ್ಚಿಯಲ್ಲಿ ಸೇನಾಪತಿ ನೇ ವಿನ್ ಅಧಿಕಾರವನ್ನು ಕಿತ್ತುಕೊಂಡು, ಬ್ಯಾಂಕುಗಳಿಂದ ಮೊದಲ್ಗೊಂಡು ಅಂಗಡಿಗಳವರೆಗೆ ಎಲ್ಲವನ್ನೂ ಸರಕಾರದ ವಶಮಾಡಿದನು. ತಲೆಮಾರುಗಳಿಂದ ಅಲ್ಲಿ ನೆಲಸಿದ್ದ ಭಾರತೀಯರು ಲಕ್ಷಗಟ್ಟಲೆಯಾಗಿ ಬರಿಗೈಯಲ್ಲಿ ಹಡಗು ಹತ್ತಿದರು. 1987ರ ಸೆಪ್ಟೆಂಬರಿನಲ್ಲಿ 25, 35, 75 ಕ್ಯಾಟುಗಳ ನೋಟುಗಳು ಒಮ್ಮೆಲೇ ರದ್ದಾದುವು. 2016ರ ನೋಟುರದ್ದತಿಯನ್ನು ಕಂಡ ಭಾರತದ ಗೃಹಸ್ಥರು ಇದನ್ನು ಅದರಂತೆಯೇ ಎಂದುಕೊಳ್ಳಬಾರದು; ಇಲ್ಲಿ ಬ್ಯಾಂಕಿನ ಮುಂದೆ ಸಾಲು ನಿಲ್ಲುವ ಅವಕಾಶವಾದರೂ ಇತ್ತು, ಅಲ್ಲಿ ವಿನಿಮಯವೆಂಬುದೇ ಇರಲಿಲ್ಲ. ಬದಲಿಗೆ ಬಂದ ಹೊಸ ನೋಟುಗಳು 45 ಮತ್ತು 90 ಕ್ಯಾಟುಗಳವು. ಒಂಬತ್ತು ನೇ ವಿನ್‌ಗೆ ಶುಭಸಂಖ್ಯೆಯಾಗಿತ್ತಂತೆ! ಅದೇ ವರ್ಷದ ಕೊನೆಯಲ್ಲಿ ವಿಶ್ವಸಂಸ್ಥೆಯು ಆ ದೇಶವನ್ನು ಅತ್ಯಂತ ಹಿಂದುಳಿದ ದೇಶಗಳ ಪಟ್ಟಿಗೆ ಸೇರಿಸಿತು. ಮರುವರ್ಷ ಆಗಸ್ಟಿನಲ್ಲಿ ಬೀದಿಗಿಳಿದ ವಿದ್ಯಾರ್ಥಿಗಳ ಕೋಪದಲ್ಲಿ ಸ್ವಾತಂತ್ರ್ಯದ ಹಂಬಲ ಎಷ್ಟಿತ್ತೋ, ಬರಿದಾದ ಪೆಟ್ಟಿಗೆಯ ಸಂಕಟವೂ ಅಷ್ಟೇ ಇತ್ತು.

ಪಾಶ್ಚಾತ್ಯರ ವ್ಯಾಪಾರನಿರ್ಬಂಧಗಳನ್ನು ಗ್ರಂಥಕರ್ತರು ಬಹುಕಾಲದಿಂದ ವಿರೋಧಿಸಿದವರು. 2003ರಲ್ಲಿ ಅಮೆರಿಕೆಯು ಆಮದನ್ನು ನಿಷೇಧಿಸಿದಾಗ ಕೆಲಸ ಕಳೆದುಕೊಂಡವರು ಸೇನಾನಿಗಳಲ್ಲ. ಸಿದ್ಧ ಉಡುಪಿನ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು. ಇಷ್ಟು ನಿಜ. ಆದರೆ ಲೋಕದಿಂದ ದೂರವಿಟ್ಟುದರಿಂದಲೇ ಸೇನೆ ಬಲಿಯಿತು, ಬಾಗಿಲು ತೆರೆದರೆ ಅದು ಸಡಿಲವಾಗುವುದು ಎಂಬ ತರ್ಕಕ್ಕೆ ಸುಲಭವಾಗಿ ಸಮ್ಮತಿಸುವಂತಿಲ್ಲ. ಥಾಯ್ಲೆಂಡಿಗೆ ಕೊಳವೆಯ ಮೂಲಕ ಹರಿದ ನೈಸರ್ಗಿಕ ಅನಿಲದಿಂದಲೂ, ಚೀನಕ್ಕೆ ಸಾಗಿದ ಕಾಚಿನ್ ಸೀಮೆಯ ಪಚ್ಚೆಶಿಲೆಯಿಂದಲೂ ಹಣ ಬಂದುದು ವ್ಯಾಪಾರದಿಂದಲೇ ಅಲ್ಲವೆ? 1990ರಲ್ಲೂ 1997ರಲ್ಲೂ ಸ್ಥಾಪಿತವಾದ ಸೇನೆಯ ಎರಡು ಮಹಾಸಂಸ್ಥೆಗಳು ಮದ್ಯದಿಂದ ಹಿಡಿದು ಗಣಿಯವರೆಗೆ ಕೈಚಾಚಿದ್ದುವು. ತನ್ನದೇ ಬೊಕ್ಕಸವುಳ್ಳ ಸೇನೆಗೆ ಪ್ರಜೆಗಳ ಕಂದಾಯದ ಹಂಗಿಲ್ಲ. ಹಂಗಿಲ್ಲದವನು ಲೆಕ್ಕ ಒಪ್ಪಿಸುವುದೂ ಇಲ್ಲ.

2008ರ ಸಂವಿಧಾನವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಶಾಸನಸಭೆಯಲ್ಲಿ ಶೇಕಡ 25 ಸ್ಥಾನಗಳು ಸೇನೆಗೆ. ತಿದ್ದುಪಡಿಗೆ ಶೇಕಡ 75ಕ್ಕಿಂತ ಹೆಚ್ಚು ಮತ ಬೇಕು. ರಕ್ಷಣೆ, ಒಳಾಡಳಿತ, ಗಡಿ ಈ ಮೂರು ಖಾತೆಗಳ ಮಂತ್ರಿಗಳನ್ನು ಸೇನಾಪತಿಯೇ ಹೆಸರಿಸತಕ್ಕದ್ದು. ಸುಹಾರ್ತೊ ಕಾಲದ ಇಂಡೊನೇಷ್ಯವನ್ನು ಬ್ರಹ್ಮದೇಶದ ಸೇನಾನಿಗಳು ಮಾದರಿಯಾಗಿ ಕಂಡಿದ್ದರು. ಅಲ್ಲಿ 1998ರಲ್ಲಿ ಸರ್ವಾಧಿಕಾರಿ ಬಿದ್ದನು. 2004ರ ವೇಳೆಗೆ ಶಾಸನಸಭೆಯ ಸೇನಾಸ್ಥಾನಗಳೂ ಮುಗಿದುವು. ಇಲ್ಲಿ ಆ ಎರಡನೆಯ ಹೆಜ್ಜೆ ಬೀಳದಂತೆ ಮೊದಲೇ ಕೀಲು ಜಡಿದಿದ್ದರು. ಸುಧಾರಣೆಯ ವರ್ಷಗಳಲ್ಲಿ ಸೇನಾನಿಗಳೊಡನೆ ಒಂದೇ ಮೇಜಿಗೆ ಕುಳಿತ ಗ್ರಂಥಕರ್ತರಿಗೆ ಆ ಮನುಷ್ಯರ ಮರ್ಯಾದೆಯ ಮಾತು ಕೇಳಿಸಿದಷ್ಟು ಈ ಕೀಲಿನ ಸದ್ದು ಕೇಳಿಸಲಿಲ್ಲವೇನೋ.

ಕುಲಾಭಿಮಾನದ ಅಧ್ಯಾಯಗಳೇ ಗ್ರಂಥದ ಶ್ರೇಷ್ಠ ಭಾಗ. ಆಂಗ್ಲರ ಜನಗಣತಿಯ ವಿಂಗಡಣೆಗಳು, 1930ರ ದಶಕದ ಭಾರತೀಯವಿರೋಧಿ ಗಲಭೆಗಳು, 1982ರ ಪೌರತ್ವ ಶಾಸನ, 2017ರಲ್ಲಿ ಏಳು ಲಕ್ಷಕ್ಕೂ ಮೀರಿ ರೋಹಿಂಗ್ಯರು ಬಂಗ್ಲಾದೇಶಕ್ಕೆ ಓಡಿದ ದಾರುಣಪ್ರಸಂಗ, ಇವುಗಳ ನಡುವಿನ ಎಳೆಯನ್ನು ತಾಳ್ಮೆಯಿಂದ ಹಿಡಿದಿದ್ದಾರೆ. ಆಂಗ್ ಸಾನ್ ಸೂ ಕೀ ಅವರನ್ನು ದೇವತೆಯನ್ನಾಗಿಯೂ ಆಮೇಲೆ ರಾಕ್ಷಸಿಯನ್ನಾಗಿಯೂ ಮಾಡಿದವರು ಈ ಭಾಗವನ್ನು ಓದುವುದು ಒಳ್ಳೆಯದು.

ಪ್ರಕಟಣೆಯಾಗಿ ಎರಡು ವರ್ಷ ತುಂಬುವುದರೊಳಗೆ, 2021ರ ಫೆಬ್ರವರಿ 1ರಂದು, ಸೇನೆಯು ಹಿಂದಿನ ನವೆಂಬರಿನ ಚುನಾವಣೆಯ ಫಲವನ್ನು ತಳ್ಳಿಹಾಕಿ ಅಧಿಕಾರವನ್ನು ವಶಮಾಡಿಕೊಂಡಿತು. ಆ ವರ್ಷ ದೇಶದ ಉತ್ಪತ್ತಿ ಶೇಕಡ 18ರಷ್ಟು ಕುಸಿಯಿತೆಂದು ವಿಶ್ವಬ್ಯಾಂಕು ಅಂದಾಜುಮಾಡಿತು. ಡಾಲರಿಗೆ ಸುಮಾರು 1,300 ಇದ್ದ ಕ್ಯಾಟು 2024ರಲ್ಲಿ ಪೇಟೆಯಲ್ಲಿ 4,000ವನ್ನೂ ದಾಟಿತು. ಹತ್ತು ವರ್ಷ ಕಟ್ಟಿದ್ದು ಹೀಗೆ ಕರಗಿದ್ದರಿಂದ ಗ್ರಂಥ ವ್ಯರ್ಥವಾಯಿತೆ? ಹಾಗೆನ್ನುವುದು ಅನ್ಯಾಯ. ಒಂದು ಕಾಲದಲ್ಲಿ ನೂರಾರು ಡಾಲರ್ ಬೆಲೆಬಾಳುತ್ತಿದ್ದ ಸಿಮ್ ಕಾರ್ಡು 2014ರಲ್ಲಿ 1,500 ಕ್ಯಾಟಿಗೆ ಇಳಿದು ಹಳ್ಳಿಯ ಹುಡುಗರ ಕೈಗೂ ಬಂದಿತು. ಅದನ್ನು ತಂದ ಪರದೇಶದ ಕಂಪನಿಗಳಲ್ಲೊಂದಾದ ಟೆಲಿನಾರ್ 2022ರಲ್ಲಿ ಅಲ್ಲಿಂದ ಹೊರಟುಹೋಯಿತು. ಅದನ್ನು ಹಿಡಿದು ಬೆಳೆದ ತಲೆಮಾರು ಹೋಗಲಿಲ್ಲ. ದೇಶವು ತನ್ನನ್ನು ಹೊಸದಾಗಿ ಕಲ್ಪಿಸಿಕೊಳ್ಳಬೇಕೆಂದು ಗ್ರಂಥಕರ್ತರು ಬೇಡುತ್ತಾರೆ. ಅದನ್ನು ಯಾರು ಮಾಡುವರೆಂಬುದನ್ನು ಹೇಳುವುದಿಲ್ಲ. 2021ರ ನಂತರ ರಂಗೂನಿನ ಬರ್ಮಿ ಯುವಕರು, ಅವರ ತಂದೆತಾಯಿಗಳು ದ್ರೋಹಿಗಳೆಂದು ಕೇಳಿಕೊಂಡು ಬಂದಿದ್ದ ಕರೆನ್ ಮತ್ತು ಕಾಚಿನ್ ಜನರ ಬೆಟ್ಟಗಳಿಗೆ ಹೋಗಿ, ಅವರಲ್ಲೇ ಆಶ್ರಯವನ್ನೂ ಯುದ್ಧಶಿಕ್ಷಣವನ್ನೂ ಪಡೆದರು.